ಕಾಂತಕ್ಕನ ಕಿವಿ

ಸಿಂಗಟಗೆರೆಯ ಕಾಂತಕ್ಕನಿಗೆ ಒಣಗಿದ ತೆಂಗಿನಕಾಯಿಯನ್ನು ಒಡೆದು ನೋಡಬೇಕಾಗಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಗಟ್ಟಿಯಾಗಿದೆಯೋ ಕೊಳೆತಿದೆಯೋ ಹೇಳಿಬಿಡುತ್ತಿದ್ದಳು. ಬೀರೂರಿನ ಕೊಬ್ಬರಿ ಕಂಪನಿಯಲ್ಲಿ ನಾನು ಬಿಲ್ಲು ಬರೆಯುವವ. ಅವಳು ಅಲ್ಲಿ ಇಪ್ಪತ್ತಾರು ವರ್ಷ ಕಾಯಿ ಆರಿಸುವ ಕೆಲಸ ಮಾಡಿದಳು. ರಾಶಿಯ ಮುಂದೆ ಕೂತಳೆಂದರೆ ಯಾರೂ ಸದ್ದು ಮಾಡುವಂತಿರಲಿಲ್ಲ. "ಸುಮ್ಕಿರ್ರೋ, ಕಾಯಿ ಮಾತಾಡ್ತೈತೆ" ಎಂದು ಗದರುತ್ತಿದ್ದಳು. ಜಂಬ ಅಷ್ಟಿಷ್ಟಲ್ಲ. ಇರಲಿ, ವಿದ್ಯೆ ಇತ್ತು, ಜಂಬಪಟ್ಟಳು.

ಹೋದ ವರ್ಷ ಕಾಯಿಯ ಒಳಗನ್ನು ಕಂಪ್ಯೂಟರಿನಲ್ಲಿ ತೋರಿಸುವ ಮಷೀನೊಂದು ಪರೀಕ್ಷೆಗೆ ಬಂತು. ಕೊಳ್ಳಬಹುದೋ ಬೇಡವೋ ಎಂದು ವರದಿ ಬರೆಯಬೇಕಾದವರು ಮ್ಯಾನೇಜರ್ ರುದ್ರಮೂರ್ತಿ. ನೂರು ಕಾಯಿ ಇಟ್ಟೆವು. ನೂರೂ ಚೆನ್ನಾಗಿವೆ ಎಂದಿತು ಮಷೀನು. ಕಾಂತಕ್ಕ ಹನ್ನೊಂದನ್ನು ಪಕ್ಕಕ್ಕೆಸೆದು ಊರಿನ ಬಸ್ಸು ಹಿಡಿದಳು. ಅವಳು ಹೋದ ಮೇಲೆ ಅವನ್ನು ಒಡೆದವನು ನಾನೇ. ಹನ್ನೊಂದೂ ಕೊಳೆತು ನಾರುತ್ತಿದ್ದವು.

ಆದರೆ ನಮ್ಮ ಡೈರೆಕ್ಟರ್ ಓಂಕಾರೇಶ್ ಅವರಿಗೆ ಮಷೀನಿನವರು ಮೊದಲೇ ತಮ್ಮ ಕಂಪನಿಯ ಷೇರು ಕೊಟ್ಟಿದ್ದರು. ಮಷೀನು ಮಾರಾಟವಾದಷ್ಟೂ ಷೇರಿನ ಬೆಲೆ ಏರುತ್ತಿತ್ತು. ಅವರು ರುದ್ರಮೂರ್ತಿಯ ಅಕ್ಕನ ಗಂಡ ಬೇರೆ. "ನಿನ್ ಹೆಸರಿಗೂ ಇನ್ನೂರು ಷೇರು ಬರೆಸಿದೀನಿ ಕಣೋ. ಭಾವನ ಮಾತು ತೆಗೆದುಹಾಕ್ತೀಯಾ?" ಎಂದರು. ರುದ್ರಮೂರ್ತಿ ತೆಗೆದುಹಾಕಲಿಲ್ಲ. ಮಷೀನೇ ಸರಿ ಎಂದು ವರದಿ ಬರೆದರು.

ಮರುದಿನ ಕಾಂತಕ್ಕನನ್ನು ಕರೆದು ಹೇಳಿದರು: "ಆ ಹನ್ನೊಂದೂ ಚೆನ್ನಾಗೇ ಇದ್ವು ಕಾಂತಕ್ಕ. ನಿಂಗೂ ವಯಸ್ಸಾಯ್ತು, ಕಿವಿ ಮಂದ ಆಗೈತೆ."

ರಂಪ ಮಾಡುತ್ತಾಳೆ ಅಂದುಕೊಂಡಿದ್ದೆ. ಕಿವಿ ಮುಟ್ಟಿಕೊಂಡು "ಹೌದೇನಣ್ಣ?" ಎಂದಳು, ಅಷ್ಟೇ. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ನನಗೂ ಸಂಬಳ ಬೇಕಿತ್ತಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮಷೀನು ಬಂತು, ಅವಳು ಮನೆ ಸೇರಿದಳು. ಆರು ತಿಂಗಳಲ್ಲಿ ಎರಡು ಲಾರಿ ಕೊಬ್ಬರಿ ಕೊಳೆತಿದೆಯೆಂದು ವಾಪಸ್ಸು ಬಂತು. ಅವಳನ್ನು ಮತ್ತೆ ಕೆಲಸಕ್ಕೆ ಕರೆಯಲು ರುದ್ರಮೂರ್ತಿ ಸಿಂಗಟಗೆರೆಗೆ ಹೊರಟರು, ನಾನೂ ಹೋದೆ. ಅತ್ತೆ ಈಗ ಮನೆ ಅಡುಗೆಗೂ ಕಾಯಿ ಆರಿಸುವುದಿಲ್ಲ ಎಂದು ಸೊಸೆ ಧನ್ಯಶ್ರೀ ಹೇಳಿದಳು. ಯಾರಾದರೂ ಬಾಗಿಲಲ್ಲಿ ಕೂಗಿದರೆ, ತನಗೆ ಕೇಳಿಸಿದ್ದು ನಿಜವೇ ಎಂದು ಇವಳನ್ನು ಕೇಳುತ್ತಾಳಂತೆ.

ರುದ್ರಮೂರ್ತಿ ಅವಳ ಎದುರು ನೆಲದ ಮೇಲೇ ಕೂತರು. "ನಾನ್ ಸುಳ್ಳು ಹೇಳ್ದೆ ಕಾಂತಕ್ಕ. ಷೇರಿನ ಆಸೆಗೆ ಹೇಳ್ದೆ. ನಿನ್ ಕಿವಿ ಸರಿಯಾಗೇ ಐತೆ."

"ಸೇರಾ?" ಎಂದಳು ಕಾಂತಕ್ಕ. ಅವಳಿಗೆ ಗೊತ್ತಿದ್ದದ್ದು ರಾಗಿ ಅಳೆಯುವ ಸೇರು ಒಂದೇ. "ಎಷ್ಟ್ ಸೇರು?"

"ಇನ್ನೂರು."

ಅವಳು ನಕ್ಕುಬಿಟ್ಟಳು. "ಇನ್ನೂರ್ ಸೇರು ರಾಗಿಗೆ ನೀವು ಸುಳ್ಳು ಹೇಳ್ತೀರಾ ರುದ್ರಣ್ಣ? ನಿಮ್ಮನೇಲಿ ರಾಗಿಗೇನ್ ಬರಾನಾ? ಈ ಕಿವುಡಿಗೆ ಸಮಾಧಾನ ಹೇಳಕ್ಕೆ ಇಷ್ಟ್ ದೂರ ಬಂದ್ರಲ್ಲ, ಒಳ್ಳೇರು ಕಣಣ್ಣ ನೀವು."