ಅಧ್ಯಕ್ಷರಿಗೆ ಬೇಡವಾದ ಕಪ್ಪು ಪರದೆ

ವಕ್ಕಲೇರಿ ಹತ್ತಿರದ ಹಾಲಿನ ಡೈರಿಯೊಂದಕ್ಕೆ ವಿಂಡೋಸ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಹಾಲಿನ ಫ್ಯಾಟ್ ಲೆಕ್ಕ ಹಾಕುತ್ತಿದ್ದದ್ದು ಮಾತ್ರ ಅದರ ಹಿಂದಿದ್ದ ಹಳೆಯ ಡಾಸ್ ಪ್ರೋಗ್ರಾಂ. ಬಟನ್ ಒತ್ತಿದೊಡನೆ ಅದರ ಕಪ್ಪು ಪರದೆ ತೆರೆದುಕೊಳ್ಳುತ್ತಿತ್ತು.

"ಶುಭಕಾರ್ಯದಲ್ಲಿ ಕರಿ ಬಣ್ಣ ಯಾಕ್ ಸಾರ್? ಉದ್ಘಾಟನೆ ದಿನ ಇದು ಕಾಣಬಾರ್ದು," ಎಂದರು ಡೈರಿಯ ಅಧ್ಯಕ್ಷರು.

ಅವರ ಕಂಪ್ಯೂಟರ್ ಪಾಂಡಿತ್ಯಕ್ಕೆ ತಲೆಬಾಗಿ, ಆ ಪರದೆಯನ್ನು ಬಚ್ಚಿಟ್ಟು, ಅದು ಬರೆಯುವ ಸಾಲುಗಳನ್ನೆಲ್ಲ ಹಿಡಿದು ನನ್ನ ಪ್ರೋಗ್ರಾಮಿನ ಬಿಳಿ ಚೌಕದಲ್ಲಿ ಮೂಡಿಸಿದೆ.

ಉದ್ಘಾಟನೆಯ ದಿನ ಅಧ್ಯಕ್ಷರು ಬಟನ್ ಒತ್ತಿದರು. ಚೌಕದಲ್ಲಿ ಒಂದಕ್ಷರವೂ ಬರಲಿಲ್ಲ. ಅಧ್ಯಕ್ಷರು ನನ್ನನ್ನೇ ದುರುಗುಟ್ಟಿ ನೋಡಿದರು. ಹೊರಗೆ ಹಾಲು ತುಂಬಿಕೊಂಡು ಲೆಕ್ಕದ ಚೀಟಿಗಾಗಿ ಕಾದು ನಿಂತಿದ್ದ ಲಾರಿಯವನು, "ಹಾಲು ಒಡೆದೋಗ್ತದೆ ಸಾಮೀ!" ಎಂದು ಕೂಗುತ್ತಿದ್ದ.

ಬಚ್ಚಿಟ್ಟಿದ್ದ ಕಪ್ಪು ಪರದೆಯನ್ನು ಹೊರಗೆಳೆದೆ. "ಪ್ರಿಂಟರಿಗೆ ಕಾಗದ ಹಾಕಿ, ಒಂದು ಕೀ ಒತ್ತಿ" ಎಂದು ಅದು ಇಂಗ್ಲಿಷಿನಲ್ಲಿ ಕೇಳಿಕೊಂಡು ಕೂತಿತ್ತು. ಆ ಒಂದು ಸಾಲನ್ನು ಹಳೆಯ ಪ್ರೋಗ್ರಾಂ ನನ್ನ ಕೈಗೆ ಸಿಗದ ಹಾಗೆ ನೇರವಾಗಿ ಪರದೆಗೇ ಬರೆದುಬಿಟ್ಟಿತ್ತು. ಪ್ರಿಂಟರಿಗೆ ಕುಂಕುಮ ಹಚ್ಚುವಾಗ ಯಾರೋ ಭಕ್ತರು ಕಾಗದವನ್ನು ಎತ್ತಿಟ್ಟಿದ್ದರಂತೆ.

ಕಾಗದ ಹಾಕಿ ಕೀ ಒತ್ತಿದೆ. ಲೆಕ್ಕ ಸರಸರನೆ ಬಂತು, ಲಾರಿ ಹೊರಟಿತು.

ಅಧ್ಯಕ್ಷರು ಅತಿಥಿಗಳ ಕಡೆ ತಿರುಗಿದರು. "ನೋಡಿದ್ರಾ, ಪೇಪರ್ ಇಲ್ದಿದ್ರೆ ಬಾಯ್ಬಿಟ್ಟು ಕೇಳತ್ತೆ! ಈ ಕರಿ ಪರದೆ ನಾನೇ ಹಠ ಹಿಡಿದು ಹಾಕಿಸಿದ್ದು."

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಬಿಲ್ಲಿಗೆ ಅವರ ಸಹಿ ಇನ್ನೂ ಆಗಿರಲಿಲ್ಲವಾದ್ದರಿಂದ ನಾನು ಸ್ವಲ್ಪ ಜೋರಾಗಿಯೇ ತಟ್ಟಿದೆ.