ಹಡಗಿನ ಬಲಬದಿಯ ಏಣಿ

ಕಳೆದ ತಿಂಗಳು ವೀರನಹೊಸಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಜೇನು ಮಾರುವ ಹೆಂಗಸೊಬ್ಬಳು ಬುಟ್ಟಿಯ ತಳದಿಂದ ಜೇನುಮೇಣದ ಉಂಡೆಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಹೊಗೆಯೂ ಹೂವೂ ಬೆರೆತ ಆ ವಾಸನೆ ಮೂಗಿಗೆ ತಾಕಿದ್ದೇ ತಡ, ನಾನು ಹುಣಸೂರಿನ ಬಜಾರಿನಲ್ಲಿ, ಗಡಿಯಾರ ರಿಪೇರಿ ಅಂಗಡಿಯೊಂದರ ಸ್ಟೂಲಿನ ಮೇಲೆ ಕುಳಿತಿದ್ದೆ...

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಅಲ್ಲಿನ ಕಾಲೇಜೊಂದಕ್ಕೆ ನಾನು ಹೊಸದಾಗಿ ಬಂದ ಅಧ್ಯಾಪಕ. ವಿದ್ಯಾರ್ಥಿದೆಸೆಯ ಚರ್ಚಾಸ್ಪರ್ಧೆಗಳ ಕಾವು ಇನ್ನೂ ಆರಿರಲಿಲ್ಲ. ಪರೀಕ್ಷೆಯ ನಕಲಿನ ವಿರುದ್ಧ ತಾಲ್ಲೂಕು ತಾಲ್ಲೂಕು ತಿರುಗಿ ಭಾಷಣ ಮಾಡುತ್ತಿದ್ದೆ. ದುಡಿಯದೆ ಪಡೆದ ಅಂಕ ಕದ್ದ ಅಂಕವೇ ಎಂದು ಪಿರಿಯಾಪಟ್ಟಣದ ಸಭೆಯಲ್ಲಿ ನಾನು ಗುಡುಗಿದ್ದನ್ನು ಗಡಿಯಾರದ ಸಾಹೇಬರು ಕೇಳಿಸಿಕೊಂಡಿದ್ದರು. ನಮ್ಮ ಸ್ನೇಹ ಮೊದಲಾದದ್ದು ಹಾಗೆ.

ಅವರ ಮೇಜಿನ ಮೇಲೊಂದು ಪ್ಲಾಸ್ಟಿಕ್ ಹಡಗಿತ್ತು. ಬಿಡಿಭಾಗಗಳನ್ನು ಅಂಟಿಸಿ ಮೂರು ಕಂಬದ ಹಾಯಿಹಡಗನ್ನು ಮಾಡುವ ಆ ಹಳೆಯ ಕಿಟ್, ಕೊಡಗಿನ ಎಸ್ಟೇಟ್ ಬಂಗಲೆಯೊಂದರ ಗುಜರಿ ಸಾಮಾನಿನೊಂದಿಗೆ ಬಂದದ್ದು. ಪೆಟ್ಟಿಗೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಜೋಡಿಸುವುದು ಸಾಹೇಬರ ಜಾಯಮಾನವಲ್ಲ. ಸಂದುಗಳಿಗೆ ಪ್ಲಾಸ್ಟಿಕ್ ಚೂರುಗಳನ್ನೇ ಥಿನ್ನರಿನಲ್ಲಿ ಕರಗಿಸಿ ತುಂಬಿದರು. ಮುಚ್ಚಿದ್ದ ಫಿರಂಗಿ ಕಿಂಡಿಗಳನ್ನು ಕೊರೆದು ತೆರೆದರು. ಬಾಗಿದ್ದ ಕಂಬಗಳೊಳಗೆ ಉಕ್ಕಿನ ತಂತಿ ಸೇರಿಸಿದರು. ನಾವಿಕರು ಕಂಬ ಹತ್ತುವ ಹಗ್ಗದ ಏಣಿಯೆಂದು ಕೊಟ್ಟಿದ್ದ ದಪ್ಪ ಜಾಲರಿಯನ್ನು, "ಇದು ಏಣಿಯಲ್ಲ ಕಣ್ರೀ, ಕೋಳಿಗೂಡಿನ ಬಾಗ್ಲು" ಎಂದು ಆಚೆಗೆಸೆದು, ಜೇನುಮೇಣ ಸವರಿದ ನೂಲಿನಲ್ಲಿ ತಾವೇ ಏಣಿ ಹೆಣೆಯತೊಡಗಿದರು.

ಪಕ್ಕದ ಟೀ ಅಂಗಡಿಯವನು ಗ್ಲಾಸಿಡುವಾಗಲೆಲ್ಲ ಕೆಣಕುತ್ತಿದ್ದ. "ಏನ್ ಸಾಬ್ರೇ, ಲಕ್ಷ್ಮಣತೀರ್ಥಕ್ಕೆ ಬುಡ್ತೀರಾ ಅಡಗ? ಮಂಡಿಯುದ್ದ ನೀರಿಲ್ವಲ್ರೀ!"

"ಮಳೆ ಬರ್ಲಿ ಬುಡು, ನಿನ್ನೇ ಮೊದ್ಲು ಹತ್ತಿಸ್ತೀನಿ. ಟೀಗೆ ಸಕ್ಕರೆ ಕಮ್ಮಿ ಆದ್ರೆ ಅಲ್ಲೇ ಇಳಿಸ್ತೀನಿ."

ಎಡಬದಿಯ ಏಣಿ ಮುಗಿದ ದಿನ ಅವರು ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದು, ತಮ್ಮ ಎಡಗೈಯನ್ನು ನನ್ನ ಮುಂದೆ ಚಾಚಿದರು. ಎಲ್ಲ ಕೆಲಸವನ್ನೂ ಅವರು ಮಾಡುತ್ತಿದ್ದುದು ಅದೇ ಕೈಯಲ್ಲಿ. ಬೆರಳ ತುದಿಗಳು ಸಣ್ಣಗೆ ನಡುಗುತ್ತಿದ್ದವು.

"ಹೋದ ವಾರ ಒಂದು ವಾಚಿನ ಸ್ಪ್ರಿಂಗ್ ಕೆಡಿಸ್ದೆ ಮೇಷ್ಟ್ರೇ. ಮೂವತ್ತು ವರ್ಷದಾಗೆ ಮೊದಲ್ನೇ ಸಲ. ಈಗ ಬಲಗಡೆ ಏಣಿ ಕಟ್ತೀನಿ. ಇಪ್ಪತ್ತು ಮೆಟ್ಲು, ಮೆಟ್ಲಿಗೆ ಐದು ಗಂಟು. ಒಂದೂ ಸೊಟ್ಟ ಆಗ್ದಂಗೆ ಮುಗಿದ್ರೆ ಅಂಗಡಿ ಇರ್ತದೆ. ಇಲ್ದಿದ್ರೆ ಬೀಗ ಹಾಕಿ ಬೀಗದ ಕೈ ಮಾಲೀಕ್ರಿಗೆ ಕೊಟ್ಬುಡ್ತೀನಿ. ಜನರ ವಾಚು ಕೆಡಿಸ್ಕೊಂಡು ಕೂತ್ಕೊಳಕ್ಕಾಗಲ್ಲ. ನೋಡಿ ಹೇಳೋರು ನೀವು. ಮಿಕ್ಕೋರೆಲ್ಲ ನನ್ ಮುಖ ನೋಡಿ ಚೆನ್ನಾಗದೆ ಅಂತಾರೆ."

ಯಾವ ವೇದಿಕೆಯಲ್ಲಿಯೂ ನನಗೆ ಅಷ್ಟು ಗೌರವ ಸಿಕ್ಕಿರಲಿಲ್ಲ.

ಹನ್ನೊಂದು ಮೆಟ್ಟಿಲುಗಳು ಸರಿಯಾಗಿ ಬಂದವು. ಹನ್ನೆರಡನೆಯದು ವಾಲಿತು. ಆ ಶುಕ್ರವಾರ ಅವರು ನಮಾಜಿಗೆ ಹೊರಟಾಗ ಅಂಗಡಿ ನೋಡಿಕೊಳ್ಳುವಂತೆ ನನಗೆ ಹೇಳಿ ಹೋದರು. ಹನ್ನೆರಡು, ಹದಿಮೂರು ಎರಡೂ ಸಡಿಲವಾಗಿ ಜೋತಿದ್ದವು; ಹೊರಡುವ ಆತುರದಲ್ಲಿ ಅವರಿನ್ನೂ ಅವನ್ನು ಪರೀಕ್ಷಿಸಿ ನೋಡಿರಲಿಲ್ಲ. ನಾನು ಅವನ್ನೇ ನೋಡುತ್ತ ಕುಳಿತೆ. ಒಬ್ಬ ಸಜ್ಜನನ ಅನ್ನ ಎರಡು ಎಳೆ ನೂಲಿನಿಂದ ತಪ್ಪಬೇಕೇ ಎಂಬ ವಾದ ನನ್ನೊಳಗೆ ಎದ್ದಿತು. ಅದಕ್ಕೆ ಪ್ರತಿವಾದಿಯಾಗಿ ಅಲ್ಲಿ ಯಾರೂ ಇರಲಿಲ್ಲ. ಎರಡೂ ಮೆಟ್ಟಿಲುಗಳನ್ನು ಕತ್ತರಿಸಿ, ಚಿಮಟ ಹಿಡಿದು ಹೊಸದಾಗಿ ಕಟ್ಟತೊಡಗಿದೆ. ಮಡಿಕೇರಿ ಬಸ್ಸು ಹಾರ್ನ್ ಮಾಡಿದಾಗಲೆಲ್ಲ ಬಾಗಿಲತ್ತ ತಿರುಗಿ ನೋಡುತ್ತಿದ್ದೆ. ಕೊನೆಯ ಗಂಟಿನ ನೂಲನ್ನು ಕತ್ತರಿಸಿ ಚಿಮಟವನ್ನು ಅದರ ಜಾಗದಲ್ಲಿಡುವಷ್ಟರಲ್ಲಿ ಅಂಗಡಿಯ ಮೆಟ್ಟಿಲ ಬಳಿ ಅವರ ಚಪ್ಪಲಿಯ ಸದ್ದು ಕೇಳಿಸಿತು.

ಸಾಹೇಬರು ಟೋಪಿ ಮಡಿಸಿಟ್ಟು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಯಾರಾದ್ರೂ ಬಂದಿದ್ರಾ?"

"ಇಲ್ಲ."

"ನಾನು ಎಡಗೈಯವನು ಮೇಷ್ಟ್ರೇ. ನನ್ ಗಂಟಿನ ಬಾಲ ಎಡಕ್ಕೆ ಮಲಗ್ತದೆ. ಈ ಹತ್ತೂ ಗಂಟು ಬಲಕ್ಕೆ ಮಲಗ್ಯವೆ."

ಅವರು ಬೈಯಲಿಲ್ಲ. "ಚೆನ್ನಾಗೇ ಕಟ್ಟಿದ್ದೀರಿ" ಎಂದರು. ಆಮೇಲೆ, ನನ್ನನ್ನು ನೋಡದೆ, "ಇನ್ನು ನಾನು ಯಾರನ್ನ ಕೇಳ್ಲಿ?" ಎಂದರು.

ಬ್ಲೇಡಿನಿಂದ ನನ್ನ ಎರಡೂ ಮೆಟ್ಟಿಲುಗಳನ್ನು ಬಿಡಿಸಿ ತೆಗೆದು, ನನ್ನ ಕಣ್ಣೆದುರಿಗೇ ಹನ್ನೆರಡನೆಯದಕ್ಕೆ ನೂಲು ಹಿಡಿದರು. ಜಾರಿತು. ಮತ್ತೆ ಹಿಡಿದರು. ಮೂರನೆಯ ಸಲ ಗಂಟೇನೋ ಬಿತ್ತು. ಆದರೆ ಪಕ್ಕದ ಎಳೆಯನ್ನೂ ಎಳೆದುಕೊಂಡು ಇಡೀ ಏಣಿ ಓರೆಯಾಯಿತು. ಆ ಗಂಟನ್ನೂ ಕತ್ತರಿಸಿ, ಭೂತಗನ್ನಡಿಯನ್ನು ತಗಡಿನ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದರು.

ತಿಂಗಳೊಳಗೆ ಅಂಗಡಿಗೆ ಬೀಗ ಬಿತ್ತು. ಸಾಹೇಬರು ಕೃಷ್ಣರಾಜನಗರದ ಮಗಳ ಮನೆಗೆ ಹೋದರು. ನಾನು ಎರಡು ಪತ್ರ ಬರೆದೆ. ಎರಡರಲ್ಲಿಯೂ ಕ್ಷಮೆಗಿಂತ ಸಮರ್ಥನೆಯೇ ಹೆಚ್ಚಾಗಿದ್ದುದರಿಂದ ಹರಿದುಹಾಕಿದೆ. ಮೂರನೆಯದನ್ನು ಬರೆಯುವ ಮೊದಲೇ ಅವರು ತೀರಿಕೊಂಡ ಸುದ್ದಿ ಟೀ ಅಂಗಡಿಯವನಿಂದ ತಿಳಿಯಿತು. ಕೈ ನಡುಗಿದ್ದು ನನ್ನ ತಪ್ಪಲ್ಲ, ಅದು ನನಗೆ ಗೊತ್ತು. ಆದರೆ ನಂಬಿ ಕೇಳಲು ಅವರಿಗೆ ಇದ್ದದ್ದು ಒಬ್ಬನೇ... ಆ ಒಬ್ಬನನ್ನೂ ನಾನು ಕಿತ್ತುಕೊಂಡಿದ್ದೆ.

ಮೊನ್ನೆ ಭಾನುವಾರ ಧೈರ್ಯಮಾಡಿ ಕೃಷ್ಣರಾಜನಗರಕ್ಕೆ ಹೋದೆ. ಹಡಗು ಗಾಜಿನ ಬೀರುವಿನಲ್ಲಿತ್ತು. ಬಲಬದಿಯಲ್ಲಿ ಹನ್ನೊಂದು ಮೆಟ್ಟಿಲು; ಅದರ ಮೇಲೆ ಬರಿಯ ಐದು ನೂಲು ಕಂಬದ ತುದಿಯವರೆಗೆ. ಈಗ ತಲೆ ನರೆತಿರುವ ಮಗಳು ಟೀ ತಂದಿಟ್ಟು ಕೇಳಿದರು: "ಅಬ್ಬಾ ಇದೊಂದ್ನ ಹಂಗೇ ಬುಟ್ಟುಬುಟ್ರು ಸರ್. ನಿಮ್ಗೂ ಕಟ್ಟಕ್ಕೆ ಬರ್ತಿತ್ತಂತೆ, ಮುಗಿಸ್ಕೊಡ್ತೀರಾ?"

"ಬರ್ತದಮ್ಮ. ಆದ್ರೆ ನಾನು ಕಟ್ಟಬಾರದು" ಎಂದೆ. ಏಕೆಂದು ಅವರು ಕೇಳಿದರು. ಟೀ ಆರುತ್ತಿತ್ತು. ಆ ಶುಕ್ರವಾರದ ಸಂಗತಿಯನ್ನು, ನನ್ನ ಪರವಾಗಿ ಒಂದು ಮಾತನ್ನೂ ಸೇರಿಸದೆ, ಮೊದಲ ಬಾರಿಗೆ ಹೇಳತೊಡಗಿದೆ.