ಪಾಸಾಗುವಷ್ಟು ಬರೆದರೆ ಸಾಕು

ಬಿ.ಎ. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ನನಗೆ ಅಚ್ಚಿನ ಅಕ್ಷರ ಪೂರ್ತಿ ಕಾಣದಂತಾಗಿತ್ತು. ಹೈಸ್ಕೂಲಿನಲ್ಲಿ ಶುರುವಾದ ಕಣ್ಣಿನ ಕಾಯಿಲೆ. ಅಪ್ಪ ಮಿಲ್ಲಿನಲ್ಲಿ ಪಾಳಿ ಬದಲಿಸಿಕೊಂಡು ಧಾರವಾಡ, ಹುಬ್ಬಳ್ಳಿ ಆಸ್ಪತ್ರೆ ಎಂದು ತಿರುಗಿಸಿದ್ದಷ್ಟೇ ಬಂತು. ಪಾಠಗಳನ್ನು ಫೋನಿನಲ್ಲಿ ಕೇಳಿ ಕಲಿಯುತ್ತಿದ್ದೆ. ಪರೀಕ್ಷೆಯಲ್ಲಿ ಮಾತ್ರ ನಾನು ಹೇಳಿದ್ದನ್ನು ಬರೆಯಲು ಒಬ್ಬರು ಬೇಕಿತ್ತು.

ಬಂಗೂರನಗರದ ನಮ್ಮ ಓಣಿಯಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳಿದ್ದಳು. ಸಂಜೆ ನಾನು ಹೇಳುವುದು, ಅವಳು ಬರೆಯುವುದು ರೂಢಿಯಾಗಿತ್ತು. ಆದರೆ ಇತಿಹಾಸ ಪರೀಕ್ಷೆಯ ಬೆಳಿಗ್ಗೆ ನನಗಾಗಿ ಬರೆಯಲು ಬಂದಿದ್ದ ಅವಳನ್ನು ಮೇಲ್ವಿಚಾರಕರು ಬಾಗಿಲಲ್ಲೇ ತಡೆದರು.

"ಗುರ್ತಿನವರು ನಡಿಯೂದಿಲ್ಲ ತಂಗಿ. ನಾವ ಒಬ್ಬಾಕಿನ್ನ ಕೊಡ್ತೇವಿ."

ಕೊಟ್ಟದ್ದು ಗಣೇಶಗುಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಮೊದಲ ವರ್ಷದ ವಿದ್ಯಾರ್ಥಿನಿಯನ್ನು. ನಮ್ಮಿಬ್ಬರನ್ನೂ ಲೈಬ್ರರಿ ಪಕ್ಕದ ಸಣ್ಣ ಕೋಣೆಯಲ್ಲಿ ಕೂರಿಸಿದರು. ವಿಜಯನಗರದ ಕಾಲದ ನೀರಾವರಿ ಮೊದಲ ಪ್ರಶ್ನೆ. ನನಗೆ ಇಷ್ಟದ ವಿಷಯ. ಉದ್ದಕ್ಕೆ ಹೇಳುತ್ತಾ ಹೋದೆ. ಪೆನ್ನಿನ ಸದ್ದು ಮಾತ್ರ ನನ್ನ ಮಾತಿಗಿಂತ ಬಹಳ ಮುಂಚೆ ನಿಂತುಬಿಡುತ್ತಿತ್ತು.

"ಬರದಿ?"

"ಬರದೇನ್ರಿ ಅಕ್ಕಾ."

"ಓದಿ ಹೇಳು ನೋಡೂಣು."

ಅವಳು ಓದಿದಳು. "ಅರಸರು ಕೆರೆ ಕಟ್ಟಿಸಿದರು. ಜನರಿಗೆ ಅನುಕೂಲವಾಯಿತು."

ಕೆರೆ ತೋಡಿದವರು ಯಾರು, ನೀರು ಯಾರ ಹೊಲಕ್ಕೆ ಹೋಯಿತು, ಯಾರಿಗೆ ತಪ್ಪಿತು, ಒಂದೂ ಅದರಲ್ಲಿರಲಿಲ್ಲ.

"ನಾ ಹೇಳಿದ್ದೆಲ್ಲಾ ಎಲ್ಲಿ ಹೋತು?"

ಅವಳ ದನಿ ಅಳುವಂತಾಯಿತು. "ಇಲ್ಲಿ ಕೂಡಿಸಿದ ಸರ್ ಹೇಳ್ಯಾರ್ರಿ ಅಕ್ಕಾ. ಪಾಸಾಗೂವಷ್ಟು ಬರದ್ರ ಸಾಕು, ಪಾಪ ಆಕಿ ಮಾರ್ಕ್ಸ್ ತಗೊಂಡು ಏನ್ ಮಾಡಾಕಿ ಅದಾಳ ಅಂದ್ರು."

ಆ ಮಾತನ್ನು ಅವರು ಕೆಟ್ಟದ್ದಕ್ಕೆಂದು ಆಡಿರಲಿಲ್ಲ ಎಂಬುದೇ ಹೆಚ್ಚು ನೋಯಿಸಿತು.

"ಅದನ್ನ ಹೊಡದ್ಹಾಕು. ಮತ್ತ ಹೇಳ್ತೇನಿ. ಒಂದು ಶಬ್ದನೂ ಬಿಡಬ್ಯಾಡ."

"ಸರ್ ಬೈದ್ರ?"

"ನನ್ನ ಹೆಸರು ಹೇಳು."

ಮತ್ತೆ ಮೊದಲಿನಿಂದ ಶುರುಮಾಡಿದೆವು. ಇನ್ನೂ ಕೆಲವು ಪ್ರಶ್ನೆ ಉಳಿದಿರುವಾಗಲೇ ಗಂಟೆ ಹೊಡೆಯಿತು. ಮೇಲ್ವಿಚಾರಕರು ಬಂದು ಪೇಪರ್ ಕೇಳಿದರು.

"ಸರ್, ನನಗ ಹೆಚ್ಚಿನ ಟೈಮ್ ಐತ್ರಿ. ರೂಲ್ಸ್‌ನ್ಯಾಗ ಐತಿ."

"ಬರಿಯಾಕ ಮಂದಿ ಕೊಟ್ಟೇವಿ, ಬ್ಯಾರೆ ಖೋಲಿ ಕೊಟ್ಟೇವಿ. ಇನ್ನ ಎಷ್ಟು ಉಪಕಾರ ಮಾಡೂದವಾ?"

ಉತ್ತರಪತ್ರಿಕೆಯ ಮೇಲೆ ಎರಡೂ ಅಂಗೈ ಊರಿದೆ. "ಉಪಕಾರ ಅಲ್ರಿ ಸರ್ ಅದು" ಎಂದೆ. ಅವರು ಒಂದು ತುದಿ ಹಿಡಿದು ಎಳೆದರು. ನಾನು ಬಿಡಲಿಲ್ಲ.

ಆಗ ಆ ಹುಡುಗಿಯೇ ಬಾಯಿ ತೆರೆದಳು. "ನಾ ಕೂಡ್ತೇನ್ರಿ ಸರ್. ಬಸ್ಸ ಹೋದ್ರ ಹೋಗಲಿ."

ಎಳೆಯುತ್ತಿದ್ದ ಕೈ ಸಡಿಲವಾಯಿತು. ಅವರು ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು. ಕೊನೆಯ ಪ್ರಶ್ನೆ ಬಿಟ್ಟು ಉಳಿದದ್ದನ್ನೆಲ್ಲ ಮುಗಿಸಿದೆವು.

ಬಸ್ಸು ಹೋಗಿಯೇಬಿಟ್ಟಿತ್ತು. ಹೊರಗೆ ಕಾಯುತ್ತಿದ್ದ ಅವ್ವ ಅವಳನ್ನು ಮನೆಗೆ ಕರೆತಂದು ರೊಟ್ಟಿ ಬಡಿಸಿದಳು. ಊರಿಗೆ ಬಿಟ್ಟುಬರಲು ಅಪ್ಪ ಗಾಡಿ ತೆಗೆಯುವಾಗ ಅವಳು ಕೇಳಿದಳು: "ಅಕ್ಕಾ, ಮುಂದಿನ ಪೇಪರಿಗೂ ನನ್ನ ಕರೀತಾರೇನ್ರಿ?" ಅದು ಆಸೆಯೋ ಅಂಜಿಕೆಯೋ ನನಗೆ ತಿಳಿಯಲಿಲ್ಲ. ಮುಂದಿನ ಪೇಪರಿಗೆ ಬೇರೆಯವಳನ್ನು ಕೊಟ್ಟರು.

ಆ ಇತಿಹಾಸ ಪೇಪರಿಗೆ ಒಳ್ಳೆಯ ಅಂಕ ಬಂತು. ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ನನಗೆ ಮಾತ್ರ ಮೊದಲ ವರ್ಷದ ಪರೀಕ್ಷೆಗಳು ತಲೆಯಲ್ಲಿ ಕೊರೆಯತೊಡಗಿದವು. ಆಗಲೂ ಕಾಲೇಜಿನವರು ಕೊಟ್ಟವರೇ ಬರೆದಿದ್ದರು. ಓದಿಸಿ ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಎಲ್ಲದರಲ್ಲೂ ಕಡಿಮೆ ಅಂಕ ಬಂದಾಗ ನಾನೇ ದಡ್ಡಿ ಎಂದುಕೊಂಡು ಸುಮ್ಮನಾಗಿದ್ದೆ. ಆ ಉತ್ತರಪತ್ರಿಕೆಗಳ ಪ್ರತಿ ಕೇಳಲು ಹೋದೆ. ಕೇಳುವ ಅವಧಿ ಎಂದೋ ಮುಗಿದಿದೆ ಎಂದರು. ಅವುಗಳಲ್ಲಿ ನನ್ನ ಮಾತು ಎಷ್ಟಿತ್ತೋ, ಇಂದಿಗೂ ಗೊತ್ತಿಲ್ಲ.